ಮೂರು ತಿಂಗಳು ಮೊದಲೇ ಚಳಿಗಾಲದ ಸುಳಿವು ಸಿಗುವುದು ಹೇಗೆ?

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ: ‘ಈ ಸಲ ದಾಖಲೆಯ ಚಳಿ’, ‘ಲಾ ನಿನಾ ಬಂತು, ಹುಷಾರು’, ‘ಧ್ರುವದ ಸುಳಿ ಒಡೆಯಲಿದೆ’. ಅದೇ ವಾರ ಇನ್ನೊಂದು ಕಡೆ ‘ಈ ಬಾರಿ ಬೆಚ್ಚಗಿನ ಚಳಿಗಾಲ’ ಎಂಬ ಸುದ್ದಿ. ಮುಂದಿನ ಭಾನುವಾರದ ಮಳೆಯನ್ನೇ ಖಚಿತವಾಗಿ ಹೇಳಲಾಗದವರು ಜನವರಿಯ ಚಳಿಯನ್ನು ಅಕ್ಟೋಬರಿನಲ್ಲೇ ಹೇಗೆ ಹೇಳುತ್ತಾರೆ ಎಂದು ಓದುಗರು ಕೇಳಿದರೆ ತಪ್ಪಿಲ್ಲ.

ಭಾನುವಾರದ ಬಗ್ಗೆ ಹೇಳುವ ಮಾತು ಒಂದು ಬಗೆಯದು, ಜನವರಿಯ ಬಗ್ಗೆ ಹೇಳುವ ಮಾತು ಇನ್ನೊಂದು ಬಗೆಯದು. ಎರಡಕ್ಕೂ ‘ಮುನ್ಸೂಚನೆ’ ಎಂಬ ಒಂದೇ ಹೆಸರಿಟ್ಟಿದ್ದೇ ಅರ್ಧ ಗೊಂದಲಕ್ಕೆ ಕಾರಣ.

## ದಿನದ ಲೆಕ್ಕ, ಋತುವಿನ ಲೆಕ್ಕ

ದಿನದ ಮುನ್ಸೂಚನೆ ವಾತಾವರಣದ ಈ ಕ್ಷಣದ ಸ್ಥಿತಿಯಿಂದ ಹೊರಡುತ್ತದೆ. ಗಾಳಿ, ಒತ್ತಡ, ತಾಪಮಾನ, ತೇವಾಂಶ ಎಲ್ಲೆಲ್ಲಿ ಎಷ್ಟಿದೆ ಎಂದು ಅಳೆದು, ಭೌತಶಾಸ್ತ್ರದ ಸಮೀಕರಣಗಳಿಗೆ ಕೊಟ್ಟು, ಕಂಪ್ಯೂಟರಿನಲ್ಲಿ ನಿಮಿಷ ನಿಮಿಷವಾಗಿ ಮುಂದಕ್ಕೆ ನಡೆಸುತ್ತಾರೆ. ಇದರ ಮಿತಿ ಎಲ್ಲಿದೆ ಎಂಬುದು 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಅವರಿಗೆ ಅಕಸ್ಮಾತ್ತಾಗಿ ಗೊತ್ತಾಯಿತು. ಪುಟ್ಟ ಹವಾಮಾನ ಮಾದರಿಯೊಂದನ್ನು ನಡುವಿನಿಂದ ಮತ್ತೆ ಓಡಿಸಬೇಕಿತ್ತು. ಮೊದಲು ಮುದ್ರಿಸಿಕೊಂಡಿದ್ದ ಹಾಳೆ ನೋಡಿ ಅಂಕಿಗಳನ್ನು ಟೈಪ್ ಮಾಡಿದರು. ಯಂತ್ರದ ಒಳಗಿದ್ದ ಸಂಖ್ಯೆ 0.506127, ಹಾಳೆಯಲ್ಲಿ ಇದ್ದದ್ದು ಮೂರೇ ಸ್ಥಾನ, 0.506. ಎರಡೂ ಓಟಗಳು ಸ್ವಲ್ಪ ದೂರ ಜೊತೆಯಲ್ಲೇ ಸಾಗಿ, ಆಮೇಲೆ ಒಂದಕ್ಕೊಂದು ಗುರುತೇ ಇಲ್ಲದಂತೆ ಬೇರೆಯಾದವು. ನಿಜವಾದ ವಾತಾವರಣದಲ್ಲೂ ಹೀಗೆಯೇ. ಎಷ್ಟೇ ನಿಖರವಾಗಿ ಅಳೆದರೂ ಉಳಿಯುವ ಕೂದಲೆಳೆಯ ತಪ್ಪು ಬೆಳೆದು ಬೆಳೆದು ಸುಮಾರು ಎರಡು ವಾರದಲ್ಲಿ ಇಡೀ ಚಿತ್ರವನ್ನು ನುಂಗಿಹಾಕುತ್ತದೆ. ಹಾಗಾಗಿ ‘ಜನವರಿ 14ರಂದು ಹಿಮ ಬೀಳುತ್ತದೆ’ ಎಂದು ನವೆಂಬರಿನಲ್ಲಿ ಯಾರಾದರೂ ಹೇಳಿದರೆ ಅದು ವಿಜ್ಞಾನವಲ್ಲ, ಕಣಿ.

ಋತುವಿನ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. ಒಲೆಯ ಮೇಲಿನ ಹಂಡೆಯಲ್ಲಿ ನೀರು ಕುದಿಯುತ್ತಿದೆ ಎಂದುಕೊಳ್ಳಿ. ಮುಂದಿನ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಯಾರೂ ಹೇಳಲಾರರು. ಆದರೆ ಉರಿ ಜೋರು ಮಾಡಿದರೆ ಗುಳ್ಳೆಗಳು ಹೆಚ್ಚುತ್ತವೆ, ಉರಿಯನ್ನು ಒಂದು ಬದಿಗೆ ಸರಿಸಿದರೆ ಆ ಬದಿಯಲ್ಲೇ ಹೆಚ್ಚು ಏಳುತ್ತವೆ ಎಂಬುದನ್ನು ಯಾರು ಬೇಕಾದರೂ ಹೇಳಬಹುದು. ಋತುವಿನ ಮುನ್ಸೂಚಕರು ಗುಳ್ಳೆಯನ್ನು ಬಿಟ್ಟು ಉರಿಯನ್ನು ನೋಡುತ್ತಾರೆ. ಆ ಉರಿ ನಿಧಾನವಾಗಿ ಬದಲಾಗುವಂಥದ್ದಾಗಿರಬೇಕು, ಇಲ್ಲದಿದ್ದರೆ ಮೂರು ತಿಂಗಳ ಮಾತು ಆಡುವಂತಿಲ್ಲ. ಅಂಥ ನಿಧಾನದ ವಸ್ತುಗಳಲ್ಲಿ ದೊಡ್ಡದು ಸಾಗರ. ಮಣ್ಣಿನ ತೇವ, ನೆಲದ ಮೇಲಿನ ಹಿಮ, ಆರ್ಕ್ಟಿಕ್‌ನ ಮಂಜುಗಡ್ಡೆ ಕೂಡ ಪಟ್ಟಿಯಲ್ಲಿವೆ, ಆದರೆ ಅವುಗಳ ಪ್ರಭಾವದ ಬಗ್ಗೆ ತಜ್ಞರಲ್ಲೇ ವಾದ ಮುಗಿದಿಲ್ಲ.

## ಸಾಗರದ ನೆನಪು: ಎಲ್ ನಿನೊ, ಲಾ ನಿನಾ

ಇಡೀ ವಾತಾವರಣ ಹಿಡಿದಿಡಬಲ್ಲಷ್ಟು ಶಾಖವನ್ನು ಸಾಗರದ ಮೇಲಿನ ಸುಮಾರು 3 ಮೀಟರ್ ನೀರೇ ಹಿಡಿದಿಡುತ್ತದೆ. ಗಾಳಿ ಇಂದು ಕಾದು ನಾಳೆ ಆರುತ್ತದೆ. ನೀರು ಕಾಯಲೂ ತಿಂಗಳುಗಳು ಬೇಕು, ಆರಲೂ ತಿಂಗಳುಗಳು ಬೇಕು. ಇದನ್ನೇ ‘ಸಾಗರದ ನೆನಪು’ ಎನ್ನುವುದು.

ಸಾಮಾನ್ಯ ವರ್ಷಗಳಲ್ಲಿ ಸಮಭಾಜಕದ ಉದ್ದಕ್ಕೂ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸಿ ಪೆಸಿಫಿಕ್‌ನ ಬೆಚ್ಚಗಿನ ನೀರನ್ನು ಇಂಡೊನೇಷ್ಯಾ ಕಡೆಗೆ ತಳ್ಳುತ್ತವೆ. ಈ ಒತ್ತಿಗೆ ಪಶ್ಚಿಮದಲ್ಲಿ ಸಮುದ್ರ ಮಟ್ಟವೇ ಪೂರ್ವಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರ ನಿಲ್ಲುತ್ತದೆ. ಪೆರು ಕರಾವಳಿಯಲ್ಲಿ ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಮಾರುತಗಳು ಸೋತರೆ ರಾಶಿಬಿದ್ದ ಬಿಸಿನೀರು ಪೂರ್ವಕ್ಕೆ ಹಿಂತಿರುಗುತ್ತದೆ. ಅದೇ ಎಲ್ ನಿನೊ. ಮಾರುತಗಳು ವಾಡಿಕೆಗಿಂತ ಬಿರುಸಾಗಿ ಬೀಸಿ ಪೂರ್ವವನ್ನು ಇನ್ನಷ್ಟು ತಣಿಸಿದರೆ ಲಾ ನಿನಾ. ಕ್ರಿಸ್ಮಸ್ ಹೊತ್ತಿಗೆ ನೀರು ಬೆಚ್ಚಗಾಗುವುದನ್ನು ಕಂಡ ಪೆರುವಿನ ಮೀನುಗಾರರು ಬಾಲಯೇಸುವಿನ ನೆನಪಿನಲ್ಲಿ ಇಟ್ಟ ಹೆಸರೇ ‘ಎಲ್ ನಿನೊ’.

ಸಮುದ್ರದ ಈ ಹೊಯ್ದಾಟಕ್ಕೆ ಗಾಳಿಯಲ್ಲೂ ಒಂದು ಜೋಡಿ ಇದೆ. ತಹೀತಿಯಲ್ಲಿ ಒತ್ತಡ ಏರಿದಾಗ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಇಳಿಯುತ್ತದೆ, ಅಲ್ಲಿ ಏರಿದಾಗ ಇಲ್ಲಿ ಇಳಿಯುತ್ತದೆ. ಈ ತಕ್ಕಡಿಯಾಟವನ್ನು ಗುರುತಿಸಿ 1920ರ ದಶಕದಲ್ಲಿ ಹೆಸರಿಟ್ಟವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಅವರು ಹುಡುಕುತ್ತಿದ್ದದ್ದು ಮುಂಗಾರಿನ ಸುಳಿವು. ಸಿಕ್ಕಿದ್ದು ಲೋಕದ ಚಳಿಗಾಲಗಳ ಬೀಗದ ಕೈ. ಸಮುದ್ರದ ಬಿಸಿ ಮತ್ತು ಗಾಳಿಯ ತಕ್ಕಡಿ ಒಂದನ್ನೊಂದು ಎಳೆದಾಡುವ ಒಂದೇ ಯಂತ್ರ ಎಂದು ಹವಾಮಾನ ವಿಜ್ಞಾನಿ ಯಾಕೊಬ್ ಬ್ಯರ್ಕ್ನೆಸ್ ತೋರಿಸಿಕೊಟ್ಟದ್ದು 1969ರಲ್ಲಿ.

ಅಳತೆಗೆ ಒಂದು ಗೊತ್ತಾದ ಜಾಗವಿದೆ. ಸಮಭಾಜಕದ ಎರಡೂ ಬದಿಗೆ 5 ಡಿಗ್ರಿ, ಪಶ್ಚಿಮ ರೇಖಾಂಶ 170ರಿಂದ 120ರವರೆಗಿನ ಈ ಆಯತಕ್ಕೆ ‘ನಿನೊ 3.4’ ಎಂದು ಹೆಸರು. ಅಲ್ಲಿನ ನೀರು ವಾಡಿಕೆಗಿಂತ 0.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬೆಚ್ಚಗಾಗಿ ತಿಂಗಳುಗಟ್ಟಲೆ ನಿಂತರೆ ಎಲ್ ನಿನೊ, ಅಷ್ಟೇ ತಣ್ಣಗಾಗಿ ನಿಂತರೆ ಲಾ ನಿನಾ. ಅರ್ಧ ಡಿಗ್ರಿ ಕೇಳಲು ಸಣ್ಣದು. ಖಂಡದಗಲದ ನೀರಿಗೆ ಅದು ಸಣ್ಣದಲ್ಲ. 1982–83, 1997–98, 2015–16ರ ದೊಡ್ಡ ಎಲ್ ನಿನೊಗಳಲ್ಲಿ ಈ ಅಂಕಿ 2 ಡಿಗ್ರಿ ದಾಟಿತ್ತು.

ಮೇಲ್ಮೈ ಕಾಯುವ ಮೊದಲೇ ಇದರ ಸುಳಿವು ಸಿಗಲು ಕಾರಣ ಆಳದಲ್ಲಿದೆ. ಪಶ್ಚಿಮದಲ್ಲಿ ಮಾರುತ ಒಮ್ಮೆ ತಿರುಗಿ ಬೀಸಿದರೆ ನೀರಿನೊಳಗೆ ಒಂದು ಬಿಸಿಯ ಅಲೆ ಪೂರ್ವಕ್ಕೆ ಹೊರಡುತ್ತದೆ. ಇಡೀ ಪೆಸಿಫಿಕ್ ದಾಟಲು ಅದಕ್ಕೆ ಎರಡು-ಮೂರು ತಿಂಗಳು ಬೇಕು. ಸಮಭಾಜಕದ ಉದ್ದಕ್ಕೆ ಲಂಗರು ಹಾಕಿ ತೇಲಬಿಟ್ಟ ಉಪಕರಣಗಳೂ, 10 ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆದ್ದು ಬರುವ ಆರ್ಗೊ ತೇಲುಯಂತ್ರಗಳೂ ಆ ಅಲೆಯನ್ನು ದಾರಿಯಲ್ಲೇ ಹಿಡಿಯುತ್ತವೆ.

## ಪೆಸಿಫಿಕ್‌ನ ಬಿಸಿ ದೂರದ ಚಳಿಯನ್ನು ತಿದ್ದುವ ಬಗೆ

ಬೆಚ್ಚಗಿನ ನೀರಿನ ಮೇಲೆ ಗುಡುಗುಮೋಡಗಳು ಏಳುತ್ತವೆ. ಆವಿ ನೀರಾಗುವಾಗ ಬಿಡುವ ಶಾಖ ಮೇಲಿನ ಗಾಳಿಯನ್ನು ಉಬ್ಬಿಸುತ್ತದೆ. ಹರಿಯುವ ಹೊಳೆಯ ನಡುವೆ ಬಂಡೆ ಇಟ್ಟರೆ ಕೆಳಗಡೆ ದೂರದವರೆಗೆ ನೀರು ಅಲೆಯಾಗಿ ಹರಿಯುತ್ತದಲ್ಲ, ಹಾಗೆಯೇ ಈ ಉಬ್ಬು ಮೇಲಿನ ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ಅಲೆಗಳನ್ನು ಎಬ್ಬಿಸುತ್ತದೆ. ಅವು ತಟ್ಟುವುದು ಜೆಟ್ ಸ್ಟ್ರೀಮ್‌ಗೆ: ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಗಾಳಿಯ ಹೊಳೆ. ಚಳಿಗಾಲದ ಚಂಡಮಾರುತಗಳು ಅದರ ಗುಂಟವೇ ಸಾಗುತ್ತವೆ. ಅದು ಸರಿದರೆ ಮಳೆ, ಹಿಮ, ಚಳಿ ಎಲ್ಲವೂ ಜೊತೆಗೇ ಸರಿಯುತ್ತವೆ. ಧ್ರುವಕ್ಕೂ ಉಷ್ಣವಲಯಕ್ಕೂ ತಾಪಮಾನದ ಅಂತರ ಹೆಚ್ಚಿದಷ್ಟೂ ಜೆಟ್ ಬಲವಾಗುತ್ತದೆ. ಉತ್ತರಾರ್ಧಗೋಳದಲ್ಲಿ ಆ ಅಂತರ ಗರಿಷ್ಠವಾಗಿರುವುದು ಚಳಿಗಾಲದಲ್ಲಿ. ಎಲ್ ನಿನೊ ಕೂಡ ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನಲ್ಲೇ ತುತ್ತತುದಿ ಮುಟ್ಟುತ್ತದೆ. ದೀರ್ಘಾವಧಿ ಮುನ್ಸೂಚಕರಿಗೆ ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚು ಹಿಡಿತ ಸಿಗುವುದು ಇದರಿಂದಲೇ.

ಉತ್ತರ ಅಮೆರಿಕದಲ್ಲಿ ಈ ಪ್ರಭಾವ ಎದ್ದು ಕಾಣುತ್ತದೆ. ಎಲ್ ನಿನೊ ಚಳಿಗಾಲದಲ್ಲಿ ಜೆಟ್ ದಕ್ಷಿಣಕ್ಕೆ ಸರಿದು ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಮಳೆ ತರುತ್ತದೆ. ಉತ್ತರ ಗಡಿ ಮತ್ತು ಪಶ್ಚಿಮ ಕೆನಡಾದಲ್ಲಿ ಚಳಿ ಕಡಿಮೆ. ಲಾ ನಿನಾದಲ್ಲಿ ಹೆಚ್ಚುಕಡಿಮೆ ತಿರುಗುಮುರುಗು.

ಇದು ಒಲವು ಮಾತ್ರ, ಕಟ್ಟಳೆಯಲ್ಲ. 2015–16ರ ಎಲ್ ನಿನೊ ದಾಖಲೆಯ ಮಟ್ಟದ್ದು. ಬರದಿಂದ ಬಸವಳಿದಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ಭಾರೀ ಮಳೆಗೆ ಕಾದು ಕುಳಿತಿತ್ತು. ಮಳೆ ವಾಡಿಕೆಯಷ್ಟೂ ಆಗಲಿಲ್ಲ. 2022–23ರಲ್ಲಿ ಲಾ ನಿನಾ ಇತ್ತು, ಒಣ ಚಳಿಗಾಲದ ಕಡೆಗೇ ತೂಕ ಹೆಚ್ಚಿತ್ತು. ಆದರೆ ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದೊಳಗೆ ಒಂದರ ಹಿಂದೊಂದರಂತೆ 9 ‘ವಾತಾವರಣದ ನದಿಗಳು’, ಅಂದರೆ ಸಾಗರದಿಂದ ಬರುವ ತೇವದ ಉದ್ದನೆಯ ಪಟ್ಟಿಗಳು, ಅದೇ ಕ್ಯಾಲಿಫೋರ್ನಿಯಾಕ್ಕೆ ಅಪ್ಪಳಿಸಿದವು. ಪಗಡೆಯ ದಾಳದ ಒಂದು ಬದಿಗೆ ತುಸು ಸೀಸ ಅಂಟಿಸಿದಂತೆ ಎಂದು ಇದನ್ನು ಊಹಿಸಿಕೊಳ್ಳಬಹುದು. ಶಕುನಿಯ ದಾಳ ಕೇಳಿದ್ದನ್ನೇ ಬೀಳಿಸುತ್ತಿತ್ತು. ಪೆಸಿಫಿಕ್‌ಗೆ ಅಷ್ಟು ವಿಧೇಯತೆ ಇಲ್ಲ.

## ಅಟ್ಲಾಂಟಿಕ್‌ನ ತಕ್ಕಡಿ

ಯುರೋಪಿಗೆ ಪೆಸಿಫಿಕ್ ದೂರ. ಅಲ್ಲಿನ ಚಳಿಯ ಕೀಲಿ ಇರುವುದು ಐಸ್‌ಲ್ಯಾಂಡಿನ ಬಳಿಯ ಕಡಿಮೆ ಒತ್ತಡಕ್ಕೂ ಅಝೋರ್ಸ್ ದ್ವೀಪಗಳ ಬಳಿಯ ಹೆಚ್ಚು ಒತ್ತಡಕ್ಕೂ ನಡುವಿನ ಅಂತರದಲ್ಲಿ. ಇದನ್ನು ಉತ್ತರ ಅಟ್ಲಾಂಟಿಕ್ ಆಂದೋಲನ ಎನ್ನುತ್ತಾರೆ. ಈ ಹೆಸರು ಕೂಡ ವಾಕರ್ ಕೊಟ್ಟದ್ದೇ. ಅಂತರ ಹೆಚ್ಚಿದ್ದರೆ, ಅಂದರೆ ಧನ ಹಂತದಲ್ಲಿ, ಅಟ್ಲಾಂಟಿಕ್‌ನ ಬೆಚ್ಚನೆಯ ತೇವದ ಗಾಳಿ ಉತ್ತರ ಯುರೋಪಿಗೆ ನುಗ್ಗುತ್ತದೆ: ಮಳೆ, ಬಿರುಗಾಳಿ, ಕಡಿಮೆ ಚಳಿ. ಅಂತರ ಕುಗ್ಗಿದರೆ, ಅಂದರೆ ಋಣ ಹಂತದಲ್ಲಿ, ಬಾಗಿಲು ಮುಚ್ಚಿಕೊಂಡು ಪೂರ್ವದಿಂದ, ಉತ್ತರದಿಂದ ತಣ್ಣನೆಯ ಗಾಳಿ ಇಳಿಯುತ್ತದೆ. 2009–10ರ ಚಳಿಗಾಲದಲ್ಲಿ ಈ ಸೂಚ್ಯಂಕ ದಾಖಲೆಯ ಆಳಕ್ಕೆ ಕುಸಿದಿತ್ತು. 2010ರ ಡಿಸೆಂಬರ್ ಬ್ರಿಟನ್‌ನಲ್ಲಿ 100 ವರ್ಷಗಳಲ್ಲೇ ಅತಿ ತಣ್ಣನೆಯ ಡಿಸೆಂಬರ್ ಆಯಿತು.

ಬಹಳ ಕಾಲ ಈ ತಕ್ಕಡಿಯನ್ನು ಮುಂಚಿತವಾಗಿ ಊಹಿಸುವುದು ಆಗದ ಕೆಲಸ ಎಂದೇ ನಂಬಿದ್ದರು. ಬ್ರಿಟನ್ನಿನ ಹವಾಮಾನ ಕಚೇರಿ 2009ರ ಬೇಸಿಗೆ ಬಿಸಿಲಿನದ್ದಾಗುವ ಸಾಧ್ಯತೆ ಹೆಚ್ಚು ಎಂದಿತು, ಮಳೆ ಹೊಯ್ಯಿತು. ಮುಂದಿನ ಚಳಿಗಾಲ ಬೆಚ್ಚಗಿರಬಹುದು ಎಂದಿತು, ಹಿಮ ಸುರಿಯಿತು. 2010ರಲ್ಲಿ ಸಾರ್ವಜನಿಕರಿಗೆ ಋತುವಿನ ಮುನ್ಸೂಚನೆ ಕೊಡುವುದನ್ನೇ ನಿಲ್ಲಿಸಿತು. ನಾಲ್ಕೇ ವರ್ಷದಲ್ಲಿ, 2014ರಲ್ಲಿ, ಅದೇ ಕಚೇರಿಯ ಹೊಸ ಮಾದರಿ 20 ಚಳಿಗಾಲಗಳ ಪರೀಕ್ಷೆಯಲ್ಲಿ ಈ ಆಂದೋಲನದ ಏರಿಳಿತವನ್ನು ನವೆಂಬರಿನಲ್ಲೇ ಸುಮಾರು 0.6ರ ಸಹಸಂಬಂಧದಲ್ಲಿ ಹಿಡಿದು ತೋರಿಸಿತು. 1 ಎಂದರೆ ಪೂರ್ತಿ ಸರಿ, 0 ಎಂದರೆ ಬರೀ ಊಹೆ. 0.6 ಅಂದರೆ ವರ್ಷದಿಂದ ವರ್ಷಕ್ಕೆ ಆಗುವ ವ್ಯತ್ಯಾಸದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ವಿವರಿಸಿದಂತೆ. ಉಳಿದದ್ದು ಇನ್ನೂ ಕತ್ತಲಲ್ಲೇ ಇದೆ. ಆದರೂ ಮೊದಲಿನ ಸೊನ್ನೆಗೆ ಹೋಲಿಸಿದರೆ ಇದು ದೊಡ್ಡ ಜಿಗಿತ.

## 30 ಕಿ.ಮೀ. ಎತ್ತರದ ಬುಗುರಿ

ಸುದ್ದಿಗಳಲ್ಲಿ ಅತಿ ಹೆಚ್ಚು ಹಾಳಾದ ಪದ ‘ಧ್ರುವೀಯ ಸುಳಿ’. ಅದು ಚಂಡಮಾರುತವಲ್ಲ, ಇದ್ದಕ್ಕಿದ್ದಂತೆ ‘ಬರುವ’ ವಸ್ತುವೂ ಅಲ್ಲ. ಚಳಿಗಾಲದಲ್ಲಿ ಧ್ರುವಕ್ಕೆ ಬಿಸಿಲಿಲ್ಲ. ಮೇಲಿನ ಸಮೋಷ್ಣ ಮಂಡಲದ (ಸ್ಟ್ರಾಟೊಸ್ಫಿಯರ್) ಗಾಳಿ ವಿಪರೀತ ತಣಿದು, ಅದರ ಸುತ್ತ ಪಶ್ಚಿಮದ ಗಾಳಿಯ ಬಳೆಯೊಂದು ತಿರುಗತೊಡಗುತ್ತದೆ. ಪ್ರತಿ ವರ್ಷವೂ ಇದು ಹುಟ್ಟುತ್ತದೆ. ವೇಗವಾಗಿ ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ಬಲವಾದ ಸುಳಿ ಚಳಿಯನ್ನು ಧ್ರುವದ ಸುತ್ತಲೇ ಕಟ್ಟಿಹಾಕುತ್ತದೆ. ಬುಗುರಿ ತೂಗಾಡಿದಾಗಲೇ ತೊಂದರೆ.

ಅದನ್ನು ತೂಗಾಡಿಸುವುದು ಕೆಳಗಿನ ಗಾಳಿ. ದೊಡ್ಡ ಪರ್ವತಶ್ರೇಣಿಗಳೂ ನೆಲ-ಕಡಲಿನ ತಾಪದ ವ್ಯತ್ಯಾಸವೂ ಎಬ್ಬಿಸುವ ಭಾರೀ ಅಲೆಗಳು ಮೇಲಕ್ಕೇರಿ, ದಡಕ್ಕೆ ಬಡಿದ ತೆರೆಯಂತೆ ಸುಳಿಯ ಮೇಲೆ ಒಡೆದು ಅದನ್ನು ನಿಧಾನಿಸುತ್ತವೆ. ಗಾಳಿ ನಿಧಾನವಾದಾಗ ಧ್ರುವದ ಮೇಲಿನ ಗಾಳಿ ಕೆಳಗಿಳಿಯುತ್ತದೆ, ಇಳಿಯುತ್ತ ಒತ್ತಿಕೊಳ್ಳುತ್ತದೆ, ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಬಿಸಿಯಾಗುತ್ತದೆ. ಕೆಲವೇ ದಿನಗಳಲ್ಲಿ ತಾಪಮಾನ 30ರಿಂದ 50 ಡಿಗ್ರಿಯಷ್ಟು ಏರುತ್ತದೆ. 1952ರಲ್ಲಿ ಬರ್ಲಿನ್‌ನ ರಿಚರ್ಡ್ ಶೆರ್ಹಾಗ್ ಬಲೂನುಗಳ ಮಾಹಿತಿಯಲ್ಲಿ ಇದನ್ನು ಮೊದಲು ಕಂಡರು. ಇದೇ ‘ಸಮೋಷ್ಣ ಮಂಡಲದ ದಿಢೀರ್ ತಾಪ ಏರಿಕೆ’. ಸುಮಾರು 30 ಕಿ.ಮೀ. ಎತ್ತರದಲ್ಲಿ, ಅಂದರೆ 10 ಹೆಕ್ಟೊಪ್ಯಾಸ್ಕಲ್ ಒತ್ತಡದ ಮಟ್ಟದಲ್ಲಿ, 60 ಡಿಗ್ರಿ ಉತ್ತರ ಅಕ್ಷಾಂಶದ ಸರಾಸರಿ ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಬೀಸಿದರೆ ಅದನ್ನು ‘ದೊಡ್ಡ’ ಘಟನೆ ಎಂದು ಎಣಿಸುತ್ತಾರೆ. ಹತ್ತು ವರ್ಷಕ್ಕೆ ಸುಮಾರು ಆರು ಸಲ ಆಗುತ್ತದೆ. ದಕ್ಷಿಣ ಧ್ರುವದ ಸುತ್ತ ಅಂಥ ಪರ್ವತಗಳಿಲ್ಲದ ಕಾರಣ ಅಲ್ಲಿ ಇದು ಬಲು ಅಪರೂಪ. 2002ರ ಸೆಪ್ಟೆಂಬರಿನಲ್ಲಿ ಆದಾಗ ತಜ್ಞರೇ ಬೆಚ್ಚಿದ್ದರು.

ಮೇಲಿನ ಬಿಸಿ ಕೆಳಗೆ ಚಳಿಯಾಗಲು ಎರಡು-ಮೂರು ವಾರ ಬೇಕಾಗಬಹುದು. 2018ರ ಫೆಬ್ರುವರಿ 12ರಂದು ಸುಳಿ ಒಡೆಯಿತು. ಅದೇ ತಿಂಗಳ ಕೊನೆಯ ವಾರ ಸೈಬೀರಿಯಾ ಕಡೆಯ ಗಾಳಿ ಯುರೋಪನ್ನು ದಾಟಿ ಬ್ರಿಟನ್ ತಲುಪಿ ಅದನ್ನು ಹಿಮದಲ್ಲಿ ಹೂತಿತು. ಮರುವರ್ಷ, 2019ರ ಜನವರಿಯ ಆರಂಭದಲ್ಲಿ, ಮತ್ತೆ ಸುಳಿ ಒಡೆಯಿತು. ಎಲ್ಲರೂ ಅದೇ ಕಥೆ ಮರುಕಳಿಸಲಿದೆ ಎಂದು ಕಾದರು. 2019ರ ಫೆಬ್ರುವರಿ 26ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ 21.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಬ್ರಿಟನ್ನಿನ ಚಳಿಗಾಲದಲ್ಲಿ ಅಷ್ಟು ಬಿಸಿ ಅದುವರೆಗೆ ಬಿದ್ದಿರಲಿಲ್ಲ. ಸುಮಾರು ಮೂರರಲ್ಲಿ ಎರಡು ಸಲ ಮೇಲಿನ ಪ್ರಭಾವ ಕೆಳಗೆ ಇಳಿಯುತ್ತದೆ, ಒಂದು ಸಲ ಇಳಿಯುವುದಿಲ್ಲ. ಇಳಿದಾಗಲೂ ಚಳಿ ಯಾವ ಖಂಡಕ್ಕೆ ಎಂಬುದು ಮುಂಚೆ ಗೊತ್ತಾಗುವುದಿಲ್ಲ.

ಈ ಸುಳಿಯನ್ನು ದೂರದಿಂದ ತಟ್ಟುವ ಇನ್ನೂ ಕೆಲವು ಕೈಗಳಿವೆ. ಸಮಭಾಜಕದ ಮೇಲೆ, ಅದೇ ಸಮೋಷ್ಣ ಮಂಡಲದಲ್ಲಿ, ಗಾಳಿ ಸುಮಾರು 28 ತಿಂಗಳಿಗೊಮ್ಮೆ ಪೂರ್ವ-ಪಶ್ಚಿಮ ದಿಕ್ಕು ಬದಲಿಸಿ ಒಂದು ಸುತ್ತು ಮುಗಿಸುತ್ತದೆ. ಪೂರ್ವದ ಗಾಳಿ ಇರುವ ಚಳಿಗಾಲಗಳಲ್ಲಿ ಸುಳಿ ದುರ್ಬಲವಾಗುವ ಒಲವು ಹೆಚ್ಚು. ಗಡಿಯಾರದಂತೆ ನಡೆಯುತ್ತಿದ್ದ ಈ ಚಕ್ರವೇ 2016ರಲ್ಲಿ ಮೊದಲ ಬಾರಿಗೆ ಎಡವಿತು. ಇನ್ನೊಂದು, 1971ರಲ್ಲಿ ರೋಲ್ಯಾಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್ ಗುರುತಿಸಿದ ಮೋಡಗಳ ಮೆರವಣಿಗೆ. 30ರಿಂದ 60 ದಿನಗಳಲ್ಲಿ ಉಷ್ಣವಲಯವನ್ನು ಪೂರ್ವಾಭಿಮುಖವಾಗಿ ಸುತ್ತುವ ಇದು ಋತುವಿಗಿಂತ ಮೂರು-ನಾಲ್ಕು ವಾರದ ಮುನ್ನೋಟಕ್ಕೆ ಹೆಚ್ಚು ಉಪಯೋಗ.

## ಕಂಪ್ಯೂಟರಿನೊಳಗೆ ಏನು ನಡೆಯುತ್ತದೆ

ಲೊರೆಂಜ್ ಕಂಡ ತೊಡಕಿಗೆ ಮದ್ದು ಅದರಲ್ಲೇ ಇದೆ. ಒಂದೇ ಓಟವನ್ನು ನಂಬುವ ಬದಲು, ಆರಂಭದ ಅಂಕಿಗಳನ್ನು ಬೇಕೆಂದೇ ಚೂರು ಚೂರು ಬದಲಿಸಿ ಹತ್ತಾರು ಸಲ ಓಡಿಸುತ್ತಾರೆ. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಐದನೆಯ ಋತು ವ್ಯವಸ್ಥೆಯಲ್ಲಿ ಹೀಗೆ 51 ಓಟಗಳು, ಪ್ರತಿಯೊಂದೂ 7 ತಿಂಗಳವರೆಗೆ. 51 ಓಟಗಳಲ್ಲಿ ಜನವರಿ 14ರ ಹವೆ 51 ಬಗೆ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಮೂರು ತಿಂಗಳ ಸರಾಸರಿ ಯಾವ ಕಡೆ ವಾಲುತ್ತಿದೆ ಎಂಬುದಷ್ಟೇ ಪ್ರಶ್ನೆ.

ಮಾದರಿಗಳಿಗೆ ತಮ್ಮವೇ ಚಾಳಿಗಳಿವೆ. ಒಂದು ಮಾದರಿ ಸಾಗರವನ್ನು ಸದಾ ತುಸು ತಣ್ಣಗೆ ತೋರಿಸಬಹುದು, ಇನ್ನೊಂದು ಮಳೆಯನ್ನು ಸದಾ ಹೆಚ್ಚು. ಅದಕ್ಕೇ ಪ್ರತಿ ಮಾದರಿಯನ್ನು ಹಿಂದಿನ 25–35 ವರ್ಷಗಳ ಮೇಲೆ, ಆಗ ಲಭ್ಯವಿದ್ದ ಮಾಹಿತಿಯಷ್ಟೇ ಕೊಟ್ಟು ಓಡಿಸಿ, ನಿಜವಾಗಿ ಆದದ್ದರ ಜೊತೆ ಹೋಲಿಸುತ್ತಾರೆ. ಸದಾ 1 ಡಿಗ್ರಿ ಕಡಿಮೆ ತೋರಿಸುವ ಮಾದರಿಗೆ 1 ಡಿಗ್ರಿ ಕೂಡಿಸಿದರಾಯಿತು. ಗಡಿಯಾರ ಐದು ನಿಮಿಷ ಹಿಂದಿದೆ ಎಂದು ಗೊತ್ತಿದ್ದರೆ ಸಮಯ ತಿಳಿಯುವುದು ಕಷ್ಟವಲ್ಲ. ಈ ತಿದ್ದುಪಡಿ ಇಲ್ಲದ ಕಚ್ಚಾ ನಕ್ಷೆಗಳೇ ಜಾಲತಾಣಗಳಲ್ಲಿ ಹೆಚ್ಚು ಓಡಾಡುತ್ತವೆ ಎಂಬುದು ವಿಪರ್ಯಾಸ.

## ಬಣ್ಣದ ನಕ್ಷೆಯನ್ನು ಓದುವುದು

ಮೊದಲು ‘ವಾಡಿಕೆ’ ಎಂದರೇನು ಎಂದು ನೋಡಬೇಕು. 1991ರಿಂದ 2020ರವರೆಗಿನ 30 ಚಳಿಗಾಲಗಳನ್ನು ತಣ್ಣನೆಯದರಿಂದ ಬೆಚ್ಚನೆಯದರವರೆಗೆ ಸಾಲಾಗಿ ಜೋಡಿಸಿ. ಮೊದಲ 10 ‘ತಣ್ಣಗೆ’, ನಡುವಿನ 10 ‘ವಾಡಿಕೆ’, ಕೊನೆಯ 10 ‘ಬೆಚ್ಚಗೆ’. ಏನೂ ಗೊತ್ತಿಲ್ಲದಿದ್ದರೆ ಮುಂದಿನ ಚಳಿಗಾಲ ಪ್ರತಿ ಗುಂಪಿಗೆ ಸೇರುವ ಸಾಧ್ಯತೆ ಶೇ 33. ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ ‘ವಾಡಿಕೆಯ ಚಳಿ’ ಎಂದಲ್ಲ, ‘ಯಾವ ಕಡೆಗೂ ಒಲವು ಕಾಣಲಿಲ್ಲ’ ಎಂದು. ಇದನ್ನು ತಪ್ಪಾಗಿ ಓದುವವರೇ ಬಹಳ.

ಈಗ 51 ಓಟಗಳಲ್ಲಿ 27 ಬೆಚ್ಚಗೆ, 14 ವಾಡಿಕೆ, 10 ತಣ್ಣಗೆ ಬಂದವು ಎನ್ನಿ. ಶೇಕಡಾ ಲೆಕ್ಕದಲ್ಲಿ 53, 27, 20. ನಕ್ಷೆಯಲ್ಲಿ ಆ ಜಾಗಕ್ಕೆ ಗಾಢ ಕೇಸರಿ ಬೀಳುತ್ತದೆ, ಶೀರ್ಷಿಕೆಯಲ್ಲಿ ‘ಬೆಚ್ಚಗಿನ ಚಳಿಗಾಲ’ ಎಂದಾಗುತ್ತದೆ. ಆದರೆ ಐದರಲ್ಲೊಂದು ಪಾಲು ತಣ್ಣನೆಯ ಚಳಿಗಾಲಕ್ಕೆ ಜಾಗ ಇದ್ದೇ ಇದೆ. ಅದು ಬಂದರೆ ಮುನ್ಸೂಚನೆ ಸುಳ್ಳಾಯಿತು ಎನ್ನುವಂತಿಲ್ಲ. ಶೇ 53 ಎಂದು ಹೇಳಿದ ನೂರು ಸಂದರ್ಭಗಳಲ್ಲಿ ಸುಮಾರು 53 ನಿಜವಾದವೇ ಎಂದು ಲೆಕ್ಕ ಹಾಕಿದರೆ ಮಾತ್ರ ತೂಕ ಗೊತ್ತಾಗುವುದು.

ಇನ್ನೊಂದು ಮೋಸ ಸರಾಸರಿಯಲ್ಲಿದೆ. 90 ದಿನಗಳ ಚಳಿಗಾಲದಲ್ಲಿ 80 ದಿನ ವಾಡಿಕೆಗಿಂತ 1 ಡಿಗ್ರಿ ಬೆಚ್ಚಗೆ, 10 ದಿನ 6 ಡಿಗ್ರಿ ತಣ್ಣಗೆ ಇತ್ತು ಎಂದರೆ ಒಟ್ಟು ಸರಾಸರಿ ವಾಡಿಕೆಗಿಂತ ಸುಮಾರು 0.2 ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಕೊಳವೆಗಳು ಹೆಪ್ಪುಗಟ್ಟಿ ಒಡೆದದ್ದು ಆ 10 ದಿನಗಳಲ್ಲಿ; ಲೆಕ್ಕದಲ್ಲಿ ಅದು ‘ಬೆಚ್ಚಗಿನ’ ಚಳಿಗಾಲ. ಹಿಮದ ಮಾತಂತೂ ಇನ್ನೂ ಬೇರೆ: ಅದಕ್ಕೆ ತಣ್ಣನೆ ಮತ್ತು ತೇವ ಎರಡೂ ಒಂದೇ ದಿನ ಕೂಡಿಬರಬೇಕು. ಹಾಗಾಗಿ ಎಷ್ಟು ಸೆಂಟಿಮೀಟರ್ ಹಿಮ ಎಂದು ಮೂರು ತಿಂಗಳು ಮುಂಚೆ ಹೇಳುವ ನಕ್ಷೆ ಕಂಡರೆ ಪುಟ ತಿರುಗಿಸಬಹುದು.

ಭೂಮಿ ಬಿಸಿಯಾಗುತ್ತಿರುವುದರಿಂದ ಈಗಿನ ವರ್ಷಗಳು 1991–2020ರ ಅಳತೆಗೋಲಿನ ಎದುರು ಮೊದಲೇ ಬೆಚ್ಚನೆಯ ಕಡೆ ವಾಲಿರುತ್ತವೆ. ನಕ್ಷೆ ತುಂಬ ಕೇಸರಿ ಬಣ್ಣ ಹರಡಿದ್ದರೆ ಅದರಲ್ಲಿ ಎಲ್ ನಿನೊದ ಪಾಲೆಷ್ಟು, ಈ ದೀರ್ಘಕಾಲದ ಏರಿಕೆಯ ಪಾಲೆಷ್ಟು ಎಂದು ಬಿಡಿಸಿ ನೋಡದೆ ಹೊಗಳುವುದೂ ಬೇಡ, ತೆಗಳುವುದೂ ಬೇಡ.

## ಯಾವಾಗ ಏನನ್ನು ನೋಡಬೇಕು

ಉತ್ತರಾರ್ಧಗೋಳದ ಚಳಿಗಾಲಕ್ಕೆ ಮೊದಲ ಉಪಯುಕ್ತ ಸುಳಿವು ಸಿಗುವುದು ಜೂನ್ ನಂತರ. ಮಾರ್ಚ್–ಮೇ ತಿಂಗಳಲ್ಲಿ ಪೆಸಿಫಿಕ್‌ನ ಬಿಸಿ-ತಂಪಿನ ವ್ಯತ್ಯಾಸ ಕನಿಷ್ಠಕ್ಕೆ ಇಳಿದಿರುತ್ತದೆ. ಸಣ್ಣ ಗಾಳಿಯೂ ಅದನ್ನು ಯಾವ ಕಡೆಗಾದರೂ ತಳ್ಳಬಹುದು. ಮುನ್ಸೂಚಕರು ಇದನ್ನು ‘ವಸಂತದ ತಡೆಗೋಡೆ’ ಎನ್ನುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಎಲ್ ನಿನೊ ಅಥವಾ ಲಾ ನಿನಾ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ನವೆಂಬರಿನ ಋತು ಮುನ್ನೋಟ ಅಟ್ಲಾಂಟಿಕ್‌ನ ತಕ್ಕಡಿಯ ಬಗ್ಗೆ ಏನಾದರೂ ಹೇಳಬಲ್ಲದು. ಡಿಸೆಂಬರಿನಿಂದ ಧ್ರುವದ ಸುಳಿಯ ಮೇಲೆ ಕಣ್ಣಿಡಬೇಕು. ಅದು ಒಡೆಯುವುದು ಒಂದೆರಡು ವಾರ ಮುಂಚೆಯಷ್ಟೇ ಗೊತ್ತಾಗುತ್ತದೆ. ಅಲ್ಲಿಂದಾಚೆ ಹತ್ತು ದಿನಗಳ ಮಾಮೂಲಿ ಮುನ್ಸೂಚನೆಯೇ ದಾರಿ. ಮಾರ್ಚ್–ಏಪ್ರಿಲ್‌ನಲ್ಲಿ ಬಿಸಿಲು ಧ್ರುವಕ್ಕೆ ಮರಳಿದಾಗ ಸುಳಿ ತಾನಾಗಿಯೇ ಕರಗುತ್ತದೆ. ಆ ಹೊತ್ತಿಗೆ ‘ಮುಂದಿನ ಚಳಿಗಾಲ ಹೇಗೆ?’ ಎಂದು ಕೇಳಿದರೆ ಪೆಸಿಫಿಕ್ ಮತ್ತೆ ತನ್ನ ತಡೆಗೋಡೆಯ ಹಿಂದೆ ಅಡಗಿರುತ್ತದೆ.